ಉತ್ತರ

ಮರಳುಗಾಡಿನ ಗುಡ್ಡದ ಮೇಲೆ ಹೂತುಹೋಗಿದ್ದ ಆದಿಕಾಲದ ಕ್ರೈಸ್ತ ಸನ್ಯಾಸಿಗಳ ಮಠವನ್ನು ಅಗೆದು ತೆಗೆದವಳು ನಾನು. ನಮ್ಮ ಪ್ರೊಫೆಸರು ಅಲ್ಲಿಗೆ ಬಂದದ್ದು ಒಂದೇ ಸಲ, ಮಟಮಟ ಮಧ್ಯಾಹ್ನ, ಟೊಪ್ಪಿ ಹಾಕಿಕೊಂಡು ಫೋಟೊ ತೆಗೆಸಿಕೊಳ್ಳಲು. ಹಿಂದಿನ ವರ್ಷ ನಾನು ಪತ್ತೆ ಮಾಡಿದ ಸನ್ಯಾಸಿಗಳ ನೀರಿನ ತೊಟ್ಟಿಗಳ ಲೇಖನ ಅವರ ಹೆಸರಿನಲ್ಲೇ ಅಚ್ಚಾಗಿತ್ತು. ಅದಕ್ಕೇ ಈ ಸಲ ನಾನು ಬರೆದ ಮಠದ ನಕ್ಷೆಯನ್ನು ಬೀಗ ಹಾಕಿಡದೆ, ಬೇಕೆಂದೇ ಅವರ ಮೇಜಿನ ಮೇಲೆ ಬಿಟ್ಟುಬಂದೆ.

ಇವತ್ತು ತುಂಬಿದ ಸಭೆಯಲ್ಲಿ ಆ ನಕ್ಷೆ ಪರದೆಯ ಮೇಲಿತ್ತು.

“ಆ ಕಾಲದ ಸನ್ಯಾಸಿಗಳು ಪೂರ್ವಕ್ಕೆ ಮುಖ ಮಾಡಿ ಪ್ರಾರ್ಥಿಸುತ್ತಿದ್ದರು. ಆದರೆ ಇಲ್ಲಿ ನೋಡಿ, ಅವರು ಮುಖ ಮಾಡಿ ನಿಲ್ಲುವ ಬಲಿಪೀಠ ಪಶ್ಚಿಮಕ್ಕಿದೆ! ಜಗತ್ತಿನಲ್ಲೇ ಇಂಥದ್ದು ಇನ್ನೊಂದಿಲ್ಲ,” ಎಂದರು ಪ್ರೊಫೆಸರು. ಚಪ್ಪಾಳೆ ನಿಲ್ಲಲಿಲ್ಲ. “ಏನಾದರೂ ಕೇಳುವುದಿದ್ದರೆ ಕೇಳಿ. ಎಲ್ಲದಕ್ಕೂ ನನ್ನ ಹತ್ತಿರ ಉತ್ತರ ಇದೆ.”

ನಾನು ಎದ್ದು ನಿಂತೆ.

“ಸರ್, ಅಲ್ಲಿ ಸೂರ್ಯ ಹುಟ್ಟೋದನ್ನ ನೋಡಿದೀರಾ?”

ಅವರು ನನ್ನನ್ನು ದುರುಗುಟ್ಟಿ ನೋಡಿದರು. “ದಿನಾ ನೋಡ್ತಿದ್ದೆ.”

“ಈ ನಕ್ಷೆ ಬರೆದವರು ಯಾರು ಸರ್?”

“ಇನ್ಯಾರಮ್ಮ? ನಾನೇ. ಒಂದೊಂದು ಗೆರೆಯೂ ನಂದೇ.”

“ಮೂಲೇಲಿ ಉತ್ತರ ದಿಕ್ಕು ತೋರ್ಸೋ ಬಾಣ ಇದ್ಯಲ್ಲ, ಅದೂ?”

“ಅದೂ ನಾನೇ. ಬೇರೆಯವರ ಕೈಗೆ ಕೊಡೋ ಕೆಲಸಾನಾ ಅದು?”

“ಬಲಿಪೀಠ ಇರೋದು ಪೂರ್ವಕ್ಕೇ, ಸರ್. ಹಾಗಾದ್ರೆ ಆ ಬಾಣಾನ ತಲೆಕೆಳಗಾಗಿ ಬರೆದದ್ದೂ ನೀವೇ ಅಂತಾಯ್ತು.”