ಅನ್ನಬಾರದ ಮಾತು

ಕನ್ನೊಳ್ಳಿಗೆ ಬಂದು ರೇವವ್ವನ ಎದುರು ಕೂತು ಕಾಲು ಗಂಟೆಯಾದರೂ ಇಜಾಜನ ಬಾಯಿಂದ ಒಂದು ಮಾತು ಹೊರಡಲಿಲ್ಲ. ಸಿಂದಗಿ ಬಸ್‌ಸ್ಟ್ಯಾಂಡಿನ ಎದುರು ಬ್ಯಾನರ್ ಅಂಗಡಿ ಇಟ್ಟುಕೊಂಡು, ಹದಿನಾಲ್ಕು ವರ್ಷಗಳಿಂದ ಇಡೀ ತಾಲೂಕಿನ ದುಃಖಕ್ಕೆ ಮಾತು ಒದಗಿಸಿದವನು ಅವನು. 'ತುಂಬಲಾರದ ನಷ್ಟ', 'ಮರಳಿ ಬಾರದ ಲೋಕಕ್ಕೆ', 'ನಿಮ್ಮ ನೆನಪೇ ದಾರಿದೀಪ', ಎಲ್ಲ ಕಂಪ್ಯೂಟರಿನಲ್ಲಿ ತಯಾರಿದ್ದವು. ಫೋಟೊ, ಹೆಸರು ಬದಲಿಸಿದರೆ ಆಯಿತು.

ಈ ಸಲ ಫೋಟೊ ಮಾಳಿಂಗರಾಯನದು. ಸಿಂದಗಿಗೆ ಹಾಲು ಹಾಕಲು ಬಂದವನು ದಿನಾ ಸಂಜೆ ಅಂಗಡಿಯಲ್ಲಿ ಕೂತು, ಇಜಾಜನ ಚಹಾದಲ್ಲೇ ಅರ್ಧ ಸುರಿದುಕೊಂಡು ಕುಡಿಯುತ್ತಿದ್ದ ಗೆಳೆಯ. ಅವನ ಬ್ಯಾನರ್ ಮುಗಿಸುವಷ್ಟರಲ್ಲಿ ಮಣ್ಣು ಮಾಡುವುದೂ ಮುಗಿದುಹೋಗಿತ್ತು. ಈಗ ಅವನ ಹೆಂಡತಿ ರೇವವ್ವನಿಗೆ ಎರಡು ಮಾತು ಸಮಾಧಾನ ಹೇಳದೆ ಹೋದರೆ ಮುಂದೆ ಚಹಾ ಗಂಟಲಲ್ಲಿ ಇಳಿಯುವಂತಿರಲಿಲ್ಲ. ಆದರೆ ಆ ಬ್ಯಾನರ್ ಅವಳ ತಲೆಯ ಮೇಲೇ ತೂಗುತ್ತಿತ್ತು. ಇಜಾಜ ಏನು ಹೇಳಲು ಹೊರಟರೂ ಅದು ಅಲ್ಲಿ ಆಗಲೇ ಕೆಂಪಕ್ಷರದಲ್ಲಿ ಅಚ್ಚಾಗಿತ್ತು.

ಹೊರಡುವಾಗ ಹೆಂಡತಿ ಮೆಹರುನ್ನಿಸಾ ಬುದ್ಧಿ ಹೇಳಿದ್ದಳು. ಮಾತು ಬರದಿದ್ದರೆ ಸುಮ್ಮನೆ ಕೂತು ಬರಬೇಕು. "ಎದ್ದ ಹೊರಡೂ ಮುಂದ ಮಾತ್ರ 'ಬರ್ತೇನಿ' ಅನ್ನಬ್ಯಾಡ್ರಿ. ಸತ್ತವರ ಮನ್ಯಾಗ ಹಂಗ ಅನ್ನಬಾರದು. ನಿಮ್ಮ ಬಾಯಿ ನನಗ ಗೊತ್ತೈತಿ."

ಇಜಾಜ ಕಾಲು ಬದಲಿಸಿ ಕೂತ. ಫ್ಯಾನ್ ನೋಡಿದ. ಕಿಸೆಯ ಮೊಬೈಲನ್ನು ಮೂರು ಸಲ ಮುಟ್ಟಿದ. ಬಾಗಿಲ ಬಳಿಯ ಹುಲಿಗೆವ್ವ ಮುದುಕಿ, ಈತನಿಗೆ ಮಾತು ಬರುತ್ತದೋ ಇಲ್ಲವೋ ಎಂದು ಪಕ್ಕದವಳನ್ನು ಕೇಳಿದ್ದು ಎಲ್ಲರಿಗೂ ಕೇಳಿಸಿತು. ಕೊನೆಗೆ ಅವನು ಊಟ ಆಯಿತೇ ಎಂದು ಕೇಳಿ, ಕೇಳಿದ್ದಕ್ಕೆ ತಾನೇ ನಾಚಿಕೊಂಡ. ರೇವವ್ವ ನೆಲ ನೋಡುತ್ತಲೇ ತಲೆಯಾಡಿಸಿದಳು. ಹೌದೋ ಅಲ್ಲವೋ ತಿಳಿಯಲಿಲ್ಲ.

ಎದ್ದ. ಹೊಸ್ತಿಲು ದಾಟಿ ಒಂದು ಚಪ್ಪಲಿ ಮೆಟ್ಟಿದ. ಅಂತೂ ಪಾರಾದೆನೆಂಬ ನಿರಾಳವೇ ಅವನನ್ನು ಕೆಡಿಸಿತು.

"ಬರ್ತೇನ್ರಿ ಅಕ್ಕಾರ," ಎಂದುಬಿಟ್ಟ.

ಹುಲಿಗೆವ್ವ ಲೊಚಗುಟ್ಟಿದಳು. ಒಳಗೆ ಯಾರೋ ಕೆಮ್ಮಿದರು. ಇಜಾಜನ ಕಿವಿ ಬಿಸಿಯಾದವು.

ರೇವವ್ವ ಮೊದಲ ಸಲ ಮುಖ ಎತ್ತಿದಳು. "ಐದ ದಿನ ಆತ್ರಿ ಅಣ್ಣಾರ. ಊರ ಮಂದಿ ಬಂದ್ರು, ಹೇಳೂದೆಲ್ಲಾ ಹೇಳಿದ್ರು, ಎದ್ದ ಹ್ವಾದ್ರು. ಮತ್ತ ಬರ್ತೇನಿ ಅಂತ ಒಬ್ರೂ ಅನ್ನಲಿಲ್ಲ." ಸೆರಗಿನಿಂದ ಮೂಗು ಒರೆಸಿಕೊಂಡಳು. "ನೀವು ಯಾವಾಗ ಬರ್ತೀರಿ?"

ಇಜಾಜ ಮೆಟ್ಟಿದ್ದ ಚಪ್ಪಲಿಯನ್ನು ಮೆಲ್ಲಗೆ ಬಿಟ್ಟ.