ಕಳ್ಳ ಸ್ವಿಚ್

ಗುಡ್ಡದ ಮೇಲಿನ ಆ ಹಟ್ಟಿಗೆ ಹತ್ತುವ ಗಾಡಿಯೆಂದರೆ ಕೆಂಪರಾಜನ ಜೀಪೊಂದೇ. ಟ್ರ್ಯಾಕ್ಟರಿನ ಟೈರು, ನೀರಿನ ಪೈಪಿನ ಬಂಪರು, ಡ್ಯಾಶ್‌ಬೋರ್ಡಿಗೆ ಜಡಿದ ಮಾರಮ್ಮನ ಪಟ, ಎಲ್ಲವೂ ಅವನದೇ ಕೈಕೆಲಸ. ಹೋದ ತಿಂಗಳು ಕಳ್ಳರ ಭಯಕ್ಕೆ, ಹೆಂಡತಿ ಚೆಲುವಿಗೂ ತೋರಿಸದೆ, ಎಲ್ಲೋ ಒಂದು ಕಳ್ಳ ಸ್ವಿಚ್ ಕೂರಿಸಿದ್ದ.

"ಅದನ್ನ ಒತ್ತದೆ ಯಮ ಬಂದ್ರೂ ಸ್ಟಾರ್ಟ್ ಆಗಲ್ಲ" ಎಂದು ನಕ್ಕಿದ್ದ.

ಈಗ ಅವನೇ ಬಾಯಿ ಸೊಟ್ಟಗಾಗಿ, ಕೈಕಾಲು ಬಿದ್ದು, ಹಿಂದಿನ ಸೀಟಿನಲ್ಲಿ ಚೆಲುವಿಯ ತೊಡೆಯ ಮೇಲೆ ಮಲಗಿದ್ದ. ಆಸ್ಪತ್ರೆ ಇಪ್ಪತ್ತು ಮೈಲಿ. ಮೈದುನ ಸೀಟಿನಡಿ, ಬಾನೆಟ್ಟಿನೊಳಗೆ, ಎಲ್ಲ ಕಡೆ ತಡಕಿ ಸೋತ.

"ಸ್ವಿಚ್ ಎಲ್ಲಿಟ್ಟಿದ್ದೀಯಣ್ಣ?"

"ಅಮ್ಮ..."

"ಅಯ್ಯೋ, ಸ್ವಿಚ್ಚಣ್ಣ!"

"ಅಮ್ಮ... ಅಮ್ಮ..."

ನೆರೆಮನೆಯ ಅಜ್ಜಿ ಸೆರಗು ಬಾಯಿಗಿಟ್ಟಳು. "ಸತ್ತ ತಾಯಿ ಕರಿಯಾಕೆ ಬಂದವ್ಳೆ ಕಣವ್ವ. ಬಾಯಿಗೆ ತುಳಸಿ ನೀರು ಬುಡು."

"ನನ್ ಗಂಡನ್ನ ಯಾರ ಜೊತೆಗೂ ಕಳ್ಸಕಿಲ್ಲ!"

ದಿಕ್ಕು ತೋಚದ ಚೆಲುವಿ ಗಂಡನ ತಲೆಯನ್ನು ಸೀಟಿಗಿಳಿಸಿ, ಮುಂದಿನ ಸೀಟುಗಳ ನಡುವೆ ತೂರಿ ಮಾರಮ್ಮನ ಪಟಕ್ಕೆ ಹಣೆ ಚಚ್ಚಿಕೊಂಡಳು.

ಪಟದ ಹಿಂದೆ ಟಕ್ಕೆಂದಿತು.