ಹಾಡುಹಕ್ಕಿಯ ಪಕ್ಕದ ಡಬ್ಬ

"ನೋಡ್ಕೊಳ್ಳಿ ಮೇಡಂ, ಬರೀ ಹಕ್ಕಿ," ಎಂದು ವ್ಯಾಪಾರಿ ಪಂಜರದ ಬಟ್ಟೆಯನ್ನು ತಾನಾಗಿಯೇ ಸರಿಸಿದಾಗಲೇ ಬಂದರಿನ ತಪಾಸಣಾಧಿಕಾರಿಗೆ ಅನುಮಾನ ಬಂತು. ಹಕ್ಕಿ ತಂದವರು ಮುಚ್ಚಿಡಲು ನೋಡುತ್ತಾರೆಯೇ ಹೊರತು ಹೀಗೆ ಮುಂದೆ ಹಿಡಿಯುವುದಿಲ್ಲ. ಹಳದಿ ಹಕ್ಕಿ ಗಂಟಲುಬ್ಬಿಸಿ ಹಾಡಿತು. ಸಾಲಿನಲ್ಲಿದ್ದವರೆಲ್ಲ ಕತ್ತು ಚಾಚಿದರು. ಅದು ಮನೆಮನೆಯಲ್ಲೂ ಸಾಕುವ ತಳಿ, ತಡೆಯಲು ಕಾರಣವೇ ಇರಲಿಲ್ಲ.

"ಆ ಡಬ್ಬದಲ್ಲೇನು?" ಆಕೆ ಪಂಜರದ ಪಕ್ಕದಲ್ಲಿದ್ದ ತೂತಿನ ಡಬ್ಬದತ್ತ ಬೆರಳು ತೋರಿಸಿದಳು.

"ಅಯ್ಯೋ, ಇಲಿ. ನಮ್ಮ ಹಾವಿನ ಊಟಕ್ಕೆ."

ಆಕೆ ಡಬ್ಬದ ತೂತಿನಲ್ಲಿ ಇಣುಕಿದಳು. ಬೂದು ಮೈ, ಬಾಲದ ತುದಿಯಲ್ಲಿ ಬಿಳಿ ಕುಚ್ಚು. ಇಲಿ, ಅಳಿಲಿನಂಥ ದಂಶಕಗಳಲ್ಲೆಲ್ಲ ತೀರಾ ಅಪರೂಪದ, ಒಂದೇ ಬೆಟ್ಟದಲ್ಲಿ ಅಳಿವಿನ ಅಂಚಿಗೆ ಬಂದು ನಿಂತಿರುವ ಇಲಿಗೂ ಇಂಥದೇ ಕುಚ್ಚು. ಆದರೆ ಮನೆಯ ಇಲಿಗಳಲ್ಲೂ ಬಿಳಿ ಬಾಲದವು ಹುಟ್ಟುವುದುಂಟು. ಆ ಕತ್ತಲಲ್ಲಿ ಗುರುತು ಹಿಡಿಯುವುದು ಹೇಗೆ?

ಆಕೆ ಪಂಜರವನ್ನು ಬೇಕೆಂದೇ ಮೇಜಿನ ತುದಿಗೆ ದೂಡಿದಳು. ಅದು ಇನ್ನೇನು ಬೀಳಬೇಕು ಎನ್ನುವಂತೆ ವಾಲಿತು, ಹಕ್ಕಿ ರೆಕ್ಕೆ ಬಡಿಯಿತು. ವ್ಯಾಪಾರಿ ಅತ್ತ ತಿರುಗಿಯೂ ನೋಡಲಿಲ್ಲ. "ಬೇಗ ಬಿಟ್ಬಿಡಿ ಮೇಡಂ, ದೋಣಿ ಹೊರಡುತ್ತೆ," ಎಂದು ಹಲ್ಲುಕಿರಿದ.

ಪಂಜರವನ್ನು ಒಳಕ್ಕೆಳೆದು, ಆಕೆ ಡಬ್ಬವನ್ನು ಒಂದೇ ಕೈಯಲ್ಲಿ ಎತ್ತಿ ಚೂರೇ ಚೂರು ಓರೆ ಮಾಡಿದಳು.

"ಮೆಲ್ಲಗೆ!" ಅವನ ಎರಡೂ ಕೈಗಳು ಡಬ್ಬದ ಅಡಿಗೆ ಬಂದುಬಿಟ್ಟವು. ಮುಖ ಬಿಳಿಚಿಕೊಂಡಿತ್ತು. "ಮೆಲ್ಲಗೆ ಮೇಡಂ, ಹೊಟ್ಟೇಲಿ ಮರಿಗಳಿವೆ!"

ಆಡಿದ ಮಾತು ಅವನ ಕಿವಿಗೇ ಆಗ ಬಿದ್ದಿತು. ಆಕೆ ಡಬ್ಬವನ್ನು ಹಸುಗೂಸಿನಂತೆ ಮೇಜಿನ ಮೇಲಿಳಿಸಿ, ಬಾಗಿಲ ಬಳಿ ನಿಂತಿದ್ದ ಕಾವಲುಗಾರನ ಕಡೆ ತಿರುಗಿದಳು.

"ಬಾಗಿಲು ಹಾಕಪ್ಪ. ಸದ್ದಾಗದ ಹಾಗೆ."